ಬದುಕುವವರು, ಬಾಳುವವರು: ಅರಿಸ್ಟಾಟಲ್‌ನ ನಗರದಲ್ಲಿ ಸುಖದ ಪಾಲು

ಕ್ರಿ.ಪೂ. 335ರಲ್ಲಿ ಅರಿಸ್ಟಾಟಲ್ ಎರಡನೆಯ ಸಲ ಅಥೆನ್ಸಿಗೆ ಬಂದು ಲೈಸಿಯಮ್‌ನಲ್ಲಿ ಪಾಠ ಹೇಳತೊಡಗಿದಾಗ ಅವನಿಗೆ ಐವತ್ತರ ಹತ್ತಿರದ ವಯಸ್ಸು. ಹದಿನೇಳರ ಹುಡುಗನಾಗಿ ಇದೇ ಊರಿಗೆ ಬಂದು ಪ್ಲೇಟೊನ ಅಕಾಡೆಮಿಯಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದಿದ್ದ. ಆದರೂ ಅಥೆನ್ಸ್ ಅವನ ಊರಾಗಿರಲಿಲ್ಲ. ಅವನು ಹುಟ್ಟಿದ್ದು ಉತ್ತರದ ಸ್ಟಗೈರದಲ್ಲಿ. ಅಥೆನ್ಸಿನ ಕಾನೂನಿನ ಕಣ್ಣಿಗೆ ಅವನೊಬ್ಬ ‘ಮೆಟಿಕ್’, ಅಂದರೆ ಊರಿನಲ್ಲಿ ನೆಲೆಸಿದ ಹೊರಗಿನವ. ಮೆಟಿಕ್ ಗಂಡಸು ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕಟ್ಟಬೇಕಿತ್ತು, ಯುದ್ಧ ಬಂದರೆ ಊರಿನ ಪರವಾಗಿ ಹೋರಾಡಬೇಕಿತ್ತು. ಆದರೆ ವಿಶೇಷ ಅನುಮತಿಯಿಲ್ಲದೆ ಭೂಮಿ ಕೊಳ್ಳುವಂತಿರಲಿಲ್ಲ, ಜನಸಭೆಯಲ್ಲಿ ಮತ ಹಾಕುವಂತಿರಲಿಲ್ಲ, ನ್ಯಾಯಮಂಡಳಿಯಲ್ಲಿ ಕೂತು ತೀರ್ಪು ಹೇಳುವಂತಿರಲಿಲ್ಲ.

ಈ ಹೊರಗಿನವನೇ ಮನುಷ್ಯ ಸ್ವಭಾವತಃ ನಗರದಲ್ಲಿ ಬಾಳುವ ಪ್ರಾಣಿ ಎಂದು ವಾದಿಸಿದ. ನಗರದ ಹಂಗಿಲ್ಲದೆ ಇರಬಲ್ಲವನು ಮೃಗವಾಗಿರಬೇಕು, ಇಲ್ಲವೇ ದೇವರಾಗಿರಬೇಕು ಎಂಬುದು ಅವನ ‘ರಾಜಕೀಯಶಾಸ್ತ್ರ’ದ ಮೊದಲ ಪುಟಗಳ ಮಾತು. ತೀರ್ಪು ಕೊಡುವುದರಲ್ಲಿ, ಅಧಿಕಾರ ನಡೆಸುವುದರಲ್ಲಿ ಪಾಲುಳ್ಳವನೇ ನಾಗರಿಕ ಎಂದು ಅದೇ ಗ್ರಂಥದ ಮೂರನೆಯ ಪುಸ್ತಕದಲ್ಲಿ ಲಕ್ಷಣ ಹೇಳುತ್ತಾನೆ. ಆ ಲಕ್ಷಣದ ಪ್ರಕಾರ, ತಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಅವನು ನಾಗರಿಕನಲ್ಲ.

ಕನ್ನಡದ ಓದುಗರಿಗೆ ಅರಿಸ್ಟಾಟಲ್ ಹೆಚ್ಚಾಗಿ ಕಾವ್ಯಮೀಮಾಂಸೆಯ ಮೂಲಕ ಪರಿಚಿತ. ಅನುಕರಣೆ, ಕೆಥಾರ್ಸಿಸ್, ದುರಂತ ನಾಯಕ ಇವು ಸಾಹಿತ್ಯದ ತರಗತಿಗಳಲ್ಲಿ ಬಂದುಹೋಗುತ್ತವೆ. ಆದರೆ ಅವನ ಚಿಂತನೆಯಲ್ಲಿ ಇಂದಿಗೂ ನಮ್ಮನ್ನು ತೊಡಕಿಗೆ ಸಿಲುಕಿಸುವ ಭಾಗ ಇರುವುದು ‘ನಿಕೊಮ್ಯಾಕಿಯನ್ ನೀತಿಶಾಸ್ತ್ರ’ ಮತ್ತು ‘ರಾಜಕೀಯಶಾಸ್ತ್ರ’ಗಳಲ್ಲಿ. ಇವೆರಡನ್ನೂ ಅವನು ಒಂದೇ ವಿಚಾರಣೆಯ ಎರಡು ಭಾಗಗಳೆಂದು ಬಗೆದಿದ್ದ. ಆದರೂ ಇವನ್ನು ಬೇರೆಬೇರೆಯಾಗಿ ಓದುವುದೇ ರೂಢಿಯಾಗಿದೆ: ಮೊದಲನೆಯದನ್ನು ಒಳ್ಳೆಯ ಬಾಳಿನ ಕೈಪಿಡಿಯಂತೆ, ಎರಡನೆಯದನ್ನು ಗುಲಾಮಗಿರಿಯನ್ನು ಸಮರ್ಥಿಸಿದ ಹಳೆಯ ಕಾಲದ ಪುಸ್ತಕದಂತೆ. ಒಟ್ಟಿಗೆ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಎರಡನೆಯ ಗ್ರಂಥದ ಅನ್ಯಾಯವನ್ನು ಅಲ್ಲಗಳೆಯುವ ವಾದ ಮೊದಲನೆಯ ಗ್ರಂಥದಲ್ಲೇ ಇದೆ.

ಪದದಿಂದಲೇ ಶುರುಮಾಡೋಣ. ಮನುಷ್ಯರೆಲ್ಲ ಕೊನೆಗೆ ಬಯಸುವುದು ‘ಯುಡೈಮೋನಿಯ’ ಎಂಬುದರಲ್ಲಿ ಜನಸಾಮಾನ್ಯರಿಗೂ ಪಂಡಿತರಿಗೂ ಭಿನ್ನಾಭಿಪ್ರಾಯವಿಲ್ಲ, ಅದು ಏನು ಎಂಬುದರಲ್ಲಿ ಮಾತ್ರ ಜಗಳ ಎನ್ನುತ್ತಾನೆ ಅರಿಸ್ಟಾಟಲ್. ನಾವು ಈ ಪದವನ್ನು ಸುಖ ಎಂದೋ ಆನಂದ ಎಂದೋ ಕನ್ನಡಿಸುತ್ತೇವೆ. ಎರಡೂ ಮನಸ್ಸಿನ ಸ್ಥಿತಿಗೆ ಇಟ್ಟ ಹೆಸರುಗಳು. ಸುಖ ಬಂದು ಹೋಗುವಂಥದ್ದು, ಆನಂದಕ್ಕೆ ಅಧ್ಯಾತ್ಮದ ಬಣ್ಣ. ಆದರೆ ಅರಿಸ್ಟಾಟಲ್‌ಗೆ ಯುಡೈಮೋನಿಯ ಒಂದು ಅನುಭವವಲ್ಲ, ಚಟುವಟಿಕೆ. ಸದ್ಗುಣವಿದ್ದೂ ಆಯುಷ್ಯವಿಡೀ ಮಲಗಿಯೇ ಕಳೆದವನನ್ನು ಸುಖಿ ಎಂದು ಯಾರೂ ಕರೆಯುವುದಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಕಿರೀಟ ಸಿಗುವುದು ಅಂಗಸೌಷ್ಠವ ಇದ್ದವನಿಗಲ್ಲ, ಕಣಕ್ಕಿಳಿದು ಸೆಣಸಿದವನಿಗೆ. ಬಾಳಿನಲ್ಲೂ ಹಾಗೆಯೇ ಎಂಬುದು ಅವನ ಹೋಲಿಕೆ.

ಇದಕ್ಕೆ ಹತ್ತಿರದ ಮಾತು ಕನ್ನಡದಲ್ಲಿದೆ. ಕಾಯಿಲೆಯಿಂದ ಉಳಿದುಕೊಂಡವನನ್ನು ‘ಬದುಕಿದ’ ಅನ್ನುತ್ತೇವೆ, ‘ಬಾಳಿದ’ ಅನ್ನುವುದಿಲ್ಲ. ಮದುವೆಯಲ್ಲಿ ಹಿರಿಯರು ‘ನೂರು ಕಾಲ ಬಾಳಿ’ ಎಂದು ಹರಸುತ್ತಾರೆ. ಬದುಕು ಉಸಿರಿಗೆ ಸಂಬಂಧಿಸಿದ್ದು. ಬಾಳು ಅಂದರೆ ನಾಲ್ಕು ಜನರ ನಡುವೆ, ಕಾಲಕಾಲಕ್ಕೆ, ಮಾಡಬೇಕಾದ್ದನ್ನು ಮಾಡಿಕೊಂಡು ಇರುವುದು. ನಗರ ಹುಟ್ಟಿಕೊಂಡದ್ದು ಬರಿಯ ಬದುಕಿಗಾಗಿ, ಮುಂದುವರಿದಿರುವುದು ಒಳ್ಳೆಯ ಬಾಳಿಗಾಗಿ ಎಂದು ಅರಿಸ್ಟಾಟಲ್ ಮಾಡುವ ವಿಂಗಡಣೆಯನ್ನು ಕನ್ನಡದಲ್ಲಿ ವಿವರಿಸಲು ಈ ಎರಡು ಪದಗಳೇ ಸಾಕು.

ಇಂಥ ಬಾಳಿಗೆ ಗುಣವೊಂದೇ ಸಾಲದು ಎಂದು ಅವನು ಹಿಂಜರಿಯದೆ ಒಪ್ಪುತ್ತಾನೆ. ಸ್ನೇಹಿತರು, ಒಂದಿಷ್ಟು ಆಸ್ತಿ, ಮಕ್ಕಳು, ಆರೋಗ್ಯ, ಊರಿನಲ್ಲಿ ಸ್ಥಾನ ಇವು ಇಲ್ಲದಿದ್ದರೆ ಬಾಳು ಕುಂದುತ್ತದೆ. ಟ್ರಾಯ್ ನಗರದ ದೊರೆ ಪ್ರಿಯಾಮ್ ಕಣ್ಣೆದುರೇ ಮಕ್ಕಳನ್ನು ಕಳೆದುಕೊಂಡ. ಅವನ ಗುಣ ಎಷ್ಟೇ ದೊಡ್ಡದಿರಲಿ, ಆ ಮುಪ್ಪನ್ನು ಸುಖದ ಬಾಳು ಎನ್ನಲಾಗದು. ಹಿಂಸೆಗೆ ಸಿಕ್ಕಿದವನೂ ಒಳ್ಳೆಯವನಾಗಿದ್ದರೆ ಸುಖಿಯೇ ಎಂದು ಹೇಳುವವರು ಅರ್ಥವಿಲ್ಲದ ಮಾತಾಡುತ್ತಾರೆ ಎಂಬುದು ಅವನ ನಿಲುವು. ಈ ಪ್ರಾಮಾಣಿಕತೆ ನನಗೆ ಇಷ್ಟ. ಹಸಿದವನಿಗೆ ಮನಸ್ಸಿನ ನೆಮ್ಮದಿಯ ಬಗ್ಗೆ ಉಪದೇಶ ಮಾಡುವ ದಾರಿಯನ್ನು ಅವನು ಮೊದಲೇ ಮುಚ್ಚುತ್ತಾನೆ.

ಇನ್ನು ಗುಣದ ಮಾತು. ಎರಡನೆಯ ಪುಸ್ತಕದ ಆರಂಭದಲ್ಲಿ ಅವನು ಮಂಡಿಸುವ ವಿಚಾರವೇ ಇಡೀ ಗ್ರಂಥದ ಬುನಾದಿ. ನಡತೆಯ ಗುಣಗಳು ಹುಟ್ಟಿನಿಂದ ಬರುವುದಿಲ್ಲ. ಅವನ್ನು ಪಡೆಯುವ ಶಕ್ತಿ ನಮಗೆ ಸ್ವಭಾವದಿಂದ ಇದೆ, ಗುಣವಾಗಿ ಬಲಿಯುವುದು ಮಾತ್ರ ರೂಢಿಯಿಂದ. ಕಲ್ಲನ್ನು ಸಾವಿರ ಸಲ ಮೇಲಕ್ಕೆಸೆದರೂ ಮೇಲೇರುವುದನ್ನು ಅದು ಕಲಿಯದು, ಮನುಷ್ಯ ಕಲಿಯುತ್ತಾನೆ. ಮನೆ ಕಟ್ಟಿ ಕಟ್ಟಿ ಕಟ್ಟುವವನಾಗುವಂತೆ, ಲೈರ್ ನುಡಿಸಿ ನುಡಿಸಿ ವಾದಕನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ. ಅತಿಗೂ ಕೊರತೆಗೂ ನಡುವೆ ಗುಣ ಇರುವುದು ಎಂಬ ಅವನ ಪ್ರಸಿದ್ಧ ಸೂತ್ರವನ್ನು ‘ಮಧ್ಯಮ ಮಾರ್ಗ’ ಎಂದು ಅನುವಾದಿಸಿದರೆ ಬುದ್ಧನ ನೆನಪಾಗಿ ಅರ್ಥ ಪಲ್ಲಟವಾಗುತ್ತದೆ. ‘ಹದ’ ಎಂಬುದು ಹೆಚ್ಚು ಸರಿಯಾದ ಮಾತು. ಕುಸ್ತಿಪಟು ಮೈಲೊನಿಗೆ ಕಡಿಮೆಯಾಗುವ ಊಟ ಆಗಷ್ಟೇ ಗರಡಿಗೆ ಬಂದವನಿಗೆ ವಿಪರೀತವಾಗುತ್ತದೆ. ಆದ್ದರಿಂದ ನಡು ಅನ್ನುವುದು ಲೆಕ್ಕದ ನಡುವಲ್ಲ. ಆಳು, ಹೊತ್ತು, ಸಂದರ್ಭ ನೋಡಿ ಕಂಡುಕೊಳ್ಳುವಂಥದ್ದು. ಬೆಲ್ಲದ ಪಾಕದ ಹದವಾಗಲಿ, ಬಿತ್ತನೆಗೆ ಮಣ್ಣಿನ ಹದವಾಗಲಿ ಪುಸ್ತಕದಿಂದ ಬರುವುದಿಲ್ಲ, ಕೈ ಪಳಗಬೇಕು. ಸಿಟ್ಟಿನ ಹದ, ಧೈರ್ಯದ ಹದ, ಖರ್ಚಿನ ಹದವೂ ಹಾಗೆಯೇ.

ಈ ಪಳಗಿಸುವಿಕೆ ಎಲ್ಲಿ ನಡೆಯಬೇಕು? ಒಬ್ಬೊಬ್ಬರೇ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಒಳ್ಳೆಯ ಕಾನೂನು, ಒಳ್ಳೆಯ ಶಿಕ್ಷಣ, ಒಟ್ಟಿಗೆ ತೀರ್ಮಾನಿಸುವ ಸಭೆಗಳು ಇರಬೇಕು. ಆದ್ದರಿಂದಲೇ ‘ನೀತಿಶಾಸ್ತ್ರ’ದ ಕೊನೆಯ ಅಧ್ಯಾಯ ಶಾಸನಗಳ ಚರ್ಚೆಗೆ ಹೊರಳಿ ‘ರಾಜಕೀಯಶಾಸ್ತ್ರ’ಕ್ಕೆ ಬಾಗಿಲು ತೆರೆಯುತ್ತದೆ. ಸ್ನೇಹದ ಬಗ್ಗೆ ಎರಡು ಪೂರ್ತಿ ಪುಸ್ತಕಗಳನ್ನು ಬರೆದಿರುವುದೂ ಇದೇ ಕಾರಣಕ್ಕೆ. ನಗರಗಳನ್ನು ಹಿಡಿದಿಡುವುದು ಸ್ನೇಹ, ಶಾಸನಕಾರರು ನ್ಯಾಯಕ್ಕಿಂತ ಹೆಚ್ಚಾಗಿ ಅದರ ಚಿಂತೆ ಮಾಡುತ್ತಾರೆ ಎಂಬುದು ಅವನ ಗ್ರಹಿಕೆ.

ಇಲ್ಲಿಯವರೆಗಿನ ವಾದವನ್ನು ಒಪ್ಪಿದವನು ಮುಂದಿನ ಪ್ರಶ್ನೆ ಕೇಳಲೇಬೇಕು. ಗುಣ ರೂಢಿಯಿಂದ ಬರುವುದಾದರೆ, ರೂಢಿಗೆ ಬೇಕಾದ ಅವಕಾಶ ಯಾರಿಗೆ ಸಿಗುತ್ತದೆ? ಇದಕ್ಕೆ ಅರಿಸ್ಟಾಟಲ್ ಕೊಡುವ ಉತ್ತರ ಕಠೋರವಾಗಿದೆ. ಗುಣ ಬೆಳೆಯಲು, ರಾಜಕೀಯದಲ್ಲಿ ತೊಡಗಲು ಬಿಡುವು ಬೇಕು. ಬಿಡುವಿಗೆ ಗ್ರೀಕರ ಪದ ‘ಸ್ಕೊಲೆ’. ನಮ್ಮ ಸ್ಕೂಲು ಬಂದದ್ದು ಅದರಿಂದಲೇ. ಶ್ರೇಷ್ಠ ನಗರದಲ್ಲಿ ನಾಗರಿಕರು ಕುಶಲಕರ್ಮಿಗಳ ಬಾಳನ್ನಾಗಲಿ ವ್ಯಾಪಾರಿಗಳ ಬಾಳನ್ನಾಗಲಿ ನಡೆಸಕೂಡದು, ಬೇಸಾಯಗಾರರೂ ಆಗಿರಕೂಡದು ಎಂದು ‘ರಾಜಕೀಯಶಾಸ್ತ್ರ’ದ ಏಳನೆಯ ಪುಸ್ತಕ ವಿಧಿಸುತ್ತದೆ. ಹಾಗಾದರೆ ಹೊಲ ಉಳುವವರು ಯಾರು? ಗುಲಾಮರು. ಅವರು ಸಿಗದಿದ್ದರೆ ಗ್ರೀಕರಲ್ಲದ ಜೀತದಾಳುಗಳು.

ಈಗ ‘ನೀತಿಶಾಸ್ತ್ರ’ದ ಉದಾಹರಣೆಗಳನ್ನು ಮತ್ತೆ ನೋಡಬೇಕು. ಗುಣ ಹೇಗೆ ಬರುತ್ತದೆ ಎಂದು ತಿಳಿಸಲು ಅವನು ಕರೆತಂದದ್ದು ಯಾರನ್ನು? ಮನೆ ಕಟ್ಟುವವನನ್ನು. ಮನುಷ್ಯನಿಗೆ ಅವನದೇ ಆದ ಕಾರ್ಯವೊಂದಿದೆ ಎಂದು ತೋರಿಸಲು ಸಾಕ್ಷಿಗೆ ನಿಲ್ಲಿಸಿದ್ದು ಬಡಗಿಯನ್ನು, ಚಮ್ಮಾರನನ್ನು, ಕೊಳಲೂದುವವನನ್ನು. ಕೈಕೆಲಸಕ್ಕೂ ಗುಣಕ್ಕೂ ವ್ಯತ್ಯಾಸವಿದೆಯೆಂದು ಅವನು ಎಚ್ಚರಿಸುವುದು ನಿಜ: ಕೆಲಸದಲ್ಲಿ ತಯಾರಾದ ವಸ್ತು ಚೆನ್ನಾಗಿದ್ದರೆ ಸಾಕು, ಗುಣದಲ್ಲಿ ಮಾಡುವವನ ಅರಿವು, ಆಯ್ಕೆ, ಸ್ಥಿರತೆ ಮುಖ್ಯ. ಆದರೂ ಕಲಿಕೆಯ ಮಾದರಿಯನ್ನು ಅವನು ಎತ್ತಿಕೊಂಡದ್ದು ಕುಶಲಕರ್ಮಿಯ ಕೈಯಿಂದ. ಆ ಕೈಯನ್ನೇ ಶ್ರೇಷ್ಠ ನಗರದ ನಾಗರಿಕತ್ವದಿಂದ ಹೊರಗಿಟ್ಟ.

ಗುಲಾಮರ ವಿಷಯದಲ್ಲಿ ಈ ಬಿರುಕು ಇನ್ನೂ ಆಳವಾಗಿದೆ. ಕೆಲವರು ಸ್ವಭಾವದಿಂದಲೇ ಗುಲಾಮರು. ಪರ್ಯಾಲೋಚಿಸುವ ಶಕ್ತಿ ಅವರಲ್ಲಿಲ್ಲ, ಬೇರೆಯವರ ವಿವೇಕವನ್ನು ಗ್ರಹಿಸುವಷ್ಟು ಮಾತ್ರ ಇದೆ ಎಂದು ಅವನು ಹೇಳುತ್ತಾನೆ. ಹೆಂಗಸಿಗೆ ಆ ಶಕ್ತಿ ಇದೆ, ಆದರೆ ಅದಕ್ಕೆ ಅಧಿಕಾರವಿಲ್ಲ ಎನ್ನುತ್ತಾನೆ. ಹುಟ್ಟಿದಂದಿನಿಂದ ಅಪ್ಪಣೆ ಪಾಲಿಸುವುದನ್ನೇ ರೂಢಿ ಮಾಡಿಸಿದವನಲ್ಲಿ ಪರ್ಯಾಲೋಚನೆ ಕಾಣದಿದ್ದರೆ ಅದಕ್ಕೆ ಕಾರಣ ಏನಿರಬಹುದು? ‘ನೀತಿಶಾಸ್ತ್ರ’ ಬರೆದ ಅರಿಸ್ಟಾಟಲ್‌ನನ್ನು ಕೇಳಿದರೆ ರೂಢಿಯಿಲ್ಲ, ಅದಕ್ಕೇ ಗುಣವಿಲ್ಲ ಎಂಬ ಉತ್ತರ ಬರಬೇಕು. ‘ರಾಜಕೀಯಶಾಸ್ತ್ರ’ ಬರೆದವನು ಅದನ್ನು ಸ್ವಭಾವ ಎನ್ನುತ್ತಾನೆ. ಕಲ್ಲಿಗೂ ಮನುಷ್ಯನಿಗೂ ತಾನೇ ಎಳೆದ ಗೆರೆಯನ್ನು ಇಲ್ಲಿ ತಾನೇ ಅಳಿಸಿ, ಕೆಲವು ಮನುಷ್ಯರನ್ನು ಕಲ್ಲಿನ ಕಡೆಗೆ ಸರಿಸುತ್ತಾನೆ.

‘ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು, ಅವನೊಬ್ಬನನ್ನು ದೂರಿ ಏನು ಫಲ?’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಎಲ್ಲರೂ ಹಾಗೆ ಯೋಚಿಸುತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ ಅರಿಸ್ಟಾಟಲ್‌ನೇ. ಒಡೆತನವೆಂಬುದು ಕೇವಲ ಕಟ್ಟಳೆಯಿಂದ ಬಂದದ್ದು, ಸ್ವಭಾವದಲ್ಲಿ ಒಡೆಯನಿಗೂ ಗುಲಾಮನಿಗೂ ಭೇದವಿಲ್ಲ, ಬಲಾತ್ಕಾರದ ಮೇಲೆ ನಿಂತಿರುವುದರಿಂದ ಅದು ಅನ್ಯಾಯ ಎನ್ನುವವರಿದ್ದರೆಂದು ಅವನೇ ದಾಖಲಿಸಿದ್ದಾನೆ. ಆ ವಾದ ಅವನ ಕಿವಿಗೆ ಬಿದ್ದಿತ್ತು. ಅದಕ್ಕೆ ಉತ್ತರಿಸಲೆಂದೇ ಅವನು ಸ್ವಭಾವದ ಗುಲಾಮನನ್ನು ಸೃಷ್ಟಿಸಬೇಕಾಯಿತು.

ಸೃಷ್ಟಿಸಿದ ಮೇಲೂ ಅವನಿಗೆ ಸಮಾಧಾನವಿದ್ದಂತೆ ಕಾಣುವುದಿಲ್ಲ. ಸ್ವತಂತ್ರರ ದೇಹವೂ ಗುಲಾಮರ ದೇಹವೂ ಬೇರೆಬೇರೆಯಾಗಿರಲೆಂದು ಪ್ರಕೃತಿ ಬಯಸುತ್ತದೆ, ಆದರೆ ಎಷ್ಟೋ ಸಲ ಇದಕ್ಕೆ ವಿರುದ್ಧವಾಗಿರುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಎಲ್ಲ ಗುಲಾಮರಿಗೂ ಬಿಡುಗಡೆಯನ್ನು ಬಹುಮಾನವಾಗಿ ಮುಂದಿಡುವುದು ಒಳ್ಳೆಯದು ಎಂದು ಏಳನೆಯ ಪುಸ್ತಕದಲ್ಲಿ ಹೇಳುತ್ತಾನೆ. ಸ್ವಭಾವದಿಂದಲೇ ಪರ್ಯಾಲೋಚಿಸಲಾರದವನಿಗೆ ಬಿಡುಗಡೆ ಬಹುಮಾನ ಹೇಗಾದೀತು? ಗುಲಾಮನೊಡನೆ ಗುಲಾಮನೆಂಬ ನೆಲೆಯಲ್ಲಿ ಸ್ನೇಹ ಸಾಧ್ಯವಿಲ್ಲ, ಮನುಷ್ಯನೆಂಬ ನೆಲೆಯಲ್ಲಿ ಸಾಧ್ಯ ಎಂದು ‘ನೀತಿಶಾಸ್ತ್ರ’ದ ಎಂಟನೆಯ ಪುಸ್ತಕ ಹೇಳುತ್ತದೆ. ಕಾನೂನಿನಲ್ಲಿ, ಒಪ್ಪಂದದಲ್ಲಿ ಪಾಲುಗೊಳ್ಳಬಲ್ಲ ಯಾವ ಮನುಷ್ಯನೊಡನೆಯೂ ನ್ಯಾಯದ ಸಂಬಂಧ ಇರಬಲ್ಲದು ಎಂಬುದು ಅಲ್ಲಿ ಅವನು ಕೊಡುವ ಕಾರಣ. ನಗರವನ್ನು ಹಿಡಿದಿಡುವುದೇ ಸ್ನೇಹವಾದರೆ, ಆ ಮಾತಿನಿಂದ ನಗರದ ಗೋಡೆಯಲ್ಲಿ ಬಾಗಿಲು ತೆರೆದುಕೊಳ್ಳಬೇಕಿತ್ತು. ಅವನು ತೆರೆಯಲಿಲ್ಲ.

ಏಕೆ ತೆರೆಯಲಿಲ್ಲ ಎಂಬುದಕ್ಕೂ ಅವನ ಬರಹದಲ್ಲೇ ಸುಳಿವಿದೆ. ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ, ಲೈರ್ ಮೀಟುವ ಕಡ್ಡಿ ತಾನಾಗಿಯೇ ನುಡಿಸುವಂತಿದ್ದರೆ, ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂದು ‘ರಾಜಕೀಯಶಾಸ್ತ್ರ’ದ ಮೊದಲ ಪುಸ್ತಕದಲ್ಲಿ ಕಲ್ಪಿಸುತ್ತಾನೆ. ಗುಲಾಮಗಿರಿಯ ನಿಜವಾದ ಕಾರಣ ಇಲ್ಲಿ ಅವನ ಬಾಯಿಂದಲೇ ಹೊರಬಿದ್ದಿದೆ. ಬಟ್ಟೆ ನೇಯುವ ಕೈ ಬೇಕು, ಆದರೆ ಆ ಕೈ ತನ್ನದಾಗಿರಬಾರದು. ಇಂಥ ಅಗತ್ಯವನ್ನೇ ಸ್ವಭಾವವೆಂದು ಹೆಸರಿಸುವುದು ನಂತರದ ಕೆಲಸ.

ಅರಿಸ್ಟಾಟಲ್‌ನ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿರುವ ಜಿಜ್ಞಾಸೆಯೊಂದಿದೆ. ‘ನೀತಿಶಾಸ್ತ್ರ’ದ ಬಹುಭಾಗ ಸಭೆ, ಸ್ನೇಹ, ದಾನ, ಧೈರ್ಯಗಳ ಬಾಳನ್ನು ವರ್ಣಿಸಿ, ಹತ್ತನೆಯ ಪುಸ್ತಕ ಇದ್ದಕ್ಕಿದ್ದಂತೆ ತತ್ವಚಿಂತನೆಯ ಬಾಳೇ ಎಲ್ಲಕ್ಕಿಂತ ಮೇಲು, ದೇವರಿಗೆ ಸಮೀಪದ್ದು ಎನ್ನುತ್ತದೆ. ಹಾಗಾದರೆ ಯಾವುದು ಶ್ರೇಷ್ಠ, ರಾಜಕೀಯದ ಬಾಳೋ ಚಿಂತನೆಯ ಬಾಳೋ? ಪ್ರಶ್ನೆ ಗಂಭೀರವಾದದ್ದೇ. ಆದರೆ ಅದು ಒಂದೇ ಮನೆಯ ಎರಡು ಕೋಣೆಗಳ ನಡುವಿನ ಜಗಳ. ಪಡಸಾಲೆಯಲ್ಲಿ ಊರಿನ ವಿಚಾರ ಮಾತಾಡುವವನಿಗೂ ಒಳಕೋಣೆಯಲ್ಲಿ ನಕ್ಷತ್ರಗಳ ಬಗ್ಗೆ ಚಿಂತಿಸುವವನಿಗೂ ಊಟ ಬರುವುದು ಅದೇ ಅಡುಗೆಮನೆಯಿಂದ. ಆ ಜಿಜ್ಞಾಸೆಯಲ್ಲಿ ಅಡುಗೆಮನೆಯ ಮಾತು ಬರುವುದು ಅಪರೂಪ.

ಹಾಗಾದರೆ ಗುಲಾಮರನ್ನೂ ಹೆಂಗಸರನ್ನೂ ಒಳಗೊಳ್ಳುವ ಸುಖದ ತತ್ವ ಗ್ರೀಕರಲ್ಲಿ ಇರಲೇ ಇಲ್ಲವೇ? ಇತ್ತು. ಎಪಿಕ್ಯೂರಸ್ ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿನಲ್ಲಿ ನೆಲೆಗೊಳಿಸಿದ ‘ತೋಟ’ ಎಂಬ ಶಾಲೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿತ್ತು. ಸುಖಕ್ಕೆ ಬೇಕಾದ್ದು ಬಹಳ ಸ್ವಲ್ಪ, ಅದು ಯಾರಿಗೂ ಸಿಗಬಲ್ಲದು ಎಂಬುದು ಅವನ ಬೋಧನೆ. ಸ್ಟೋಯಿಕರು ಇನ್ನೂ ಮುಂದೆ ಹೋಗಿ, ಸುಖಕ್ಕೆ ಗುಣವೊಂದೇ ಸಾಕು, ಉಳಿದದ್ದೆಲ್ಲ ಗೌಣ ಎಂದರು. ಅವರ ಪರಂಪರೆಯಲ್ಲಿ ಬಹಳ ದೊಡ್ಡ ಹೆಸರು ಮಾಡಿದ ಗುರುಗಳಲ್ಲಿ ಒಬ್ಬನಾದ ಎಪಿಕ್ಟೀಟಸ್ ರೋಮಿನಲ್ಲಿ ಗುಲಾಮನಾಗಿದ್ದವನು.

ಬಾಗಿಲು ತೆರೆಯಿತು, ಆದರೆ ಅದಕ್ಕೆ ತೆತ್ತ ಬೆಲೆಯನ್ನು ಗಮನಿಸಬೇಕು. ಎಪಿಕ್ಯೂರಸ್ ರಾಜಕೀಯದಿಂದ ದೂರವಿರಿ, ಯಾರ ಕಣ್ಣಿಗೂ ಬೀಳದಂತೆ ಬಾಳಿ ಎಂದು ಕಲಿಸಿದ. ಎಪಿಕ್ಟೀಟಸ್ ನಮ್ಮ ಕೈಯಲ್ಲಿರುವುದು ನಮ್ಮ ತೀರ್ಮಾನಗಳು ಮಾತ್ರ, ದೇಹ, ಆಸ್ತಿ, ಅಧಿಕಾರ ಯಾವುದೂ ಅಲ್ಲ ಎಂದ. ಸಂಕೋಲೆಯಲ್ಲಿರುವವನಿಗೆ ಈ ಮಾತು ಧೈರ್ಯ ಕೊಡಬಲ್ಲದು, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸಂಕೋಲೆ ಹಾಕಿದವನಿಗೂ ಅದು ಅನುಕೂಲವೇ. ಗುಲಾಮನೂ ಒಳಗೊಳಗೇ ಸ್ವತಂತ್ರನಾಗಿರಬಲ್ಲನಾದರೆ ಗುಲಾಮಗಿರಿಯನ್ನು ಕಿತ್ತೊಗೆಯುವ ತುರ್ತು ಯಾರಿಗಿದೆ? ಸುಖ ಎಲ್ಲರದಾಯಿತು, ಆದರೆ ಅದರಿಂದ ನಗರ ಕಳಚಿಹೋಯಿತು.

ಇದರಲ್ಲಿ ವಿಚಿತ್ರವೊಂದಿದೆ. ಎಪಿಕ್ಯೂರಸ್ ಸೇಮೊಸ್ ದ್ವೀಪದಲ್ಲಿ ಹುಟ್ಟಿದರೂ ಅವನ ತಂದೆತಾಯಿ ಅಥೆನ್ಸಿನ ನಾಗರಿಕ ಕುಲದವರು. ಹುಟ್ಟಿನಿಂದಲೇ ನಾಗರಿಕತ್ವ ಪಡೆದವನು ಅದರ ಗೊಡವೆ ಬೇಡ ಎಂದ. ಅದು ಸಿಗದ ಮೆಟಿಕ್ ಅರಿಸ್ಟಾಟಲ್ ಅದಿಲ್ಲದೆ ಬಾಳು ಪೂರ್ಣವಾಗದು ಎಂದ. ಇದ್ದವನಿಗೆ ಬಿಡುವುದು ಸುಲಭ, ಇಲ್ಲದವನಿಗೆ ಅದರ ಬೆಲೆ ಗೊತ್ತು ಎಂದು ಓದಿಕೊಳ್ಳಬಹುದೇನೋ. ಆದರೆ ಅರಿಸ್ಟಾಟಲ್ ತನ್ನ ಹೊರಗಿನತನದಿಂದ ಕಲಿಯಬಹುದಾಗಿದ್ದ ಪಾಠವನ್ನು ತನಗಿಂತ ಹೊರಗಿದ್ದವರವರೆಗೆ ಒಯ್ಯಲಿಲ್ಲ.

ಈ ತೊಡಕು ಗ್ರೀಸಿನಲ್ಲೇ ಮುಗಿಯುವುದಿಲ್ಲ. 1936ರಲ್ಲಿ ಪ್ರಕಟವಾದ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಚಾತುರ್ವರ್ಣ್ಯವನ್ನು ಅರಿಸ್ಟಾಟಲ್‌ನ ಗುರು ಪ್ಲೇಟೊನ ಆದರ್ಶ ರಾಜ್ಯದೊಡನೆ ಹೋಲಿಸಿ ವಿಮರ್ಶಿಸಿದರು. ಮನುಷ್ಯರನ್ನು ಸ್ವಭಾವದ ಹೆಸರಿನಲ್ಲಿ ಮೂರೋ ನಾಲ್ಕೋ ವರ್ಗಗಳಿಗೆ ತುರುಕುವುದು ಒಬ್ಬೊಬ್ಬ ವ್ಯಕ್ತಿಯ ವಿಶಿಷ್ಟತೆಯನ್ನು ಕಾಣದ ದೋಷ ಎಂಬುದು ಅವರ ಆಕ್ಷೇಪ. ವಿದ್ಯೆಯನ್ನೂ ಆಯುಧವನ್ನೂ ನಿರಾಕರಿಸಿ ಕೆಳವರ್ಗಗಳನ್ನು ನಿಶ್ಶಕ್ತಗೊಳಿಸಿದ್ದನ್ನೂ ಅವರು ಅಲ್ಲೇ ಎತ್ತಿ ತೋರಿಸುತ್ತಾರೆ. ಅಭ್ಯಾಸ ತಪ್ಪಿಸಿದ್ದು ಸಮಾಜ, ಕೊರತೆಯ ಹೊಣೆ ಹೊತ್ತದ್ದು ಹುಟ್ಟು. ಅರಿಸ್ಟಾಟಲ್‌ನ ಎರಡು ಗ್ರಂಥಗಳ ನಡುವೆ ನಾವು ಕಂಡ ಬಿರುಕೂ ಇದೇ.

ಅದೇ ಅರಿಸ್ಟಾಟಲ್‌ನನ್ನು ನ್ಯಾಯದ ಪರವಾಗಿ ಬಳಸಿದವರೂ ಇದ್ದಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1990ರಲ್ಲಿ ಹೊರತಂದ ಮೊದಲ ಮಾನವ ಅಭಿವೃದ್ಧಿ ವರದಿ, ಸಂಪತ್ತನ್ನು ಗುರಿಯೆಂದು ಭಾವಿಸಬಾರದೆಂಬ ಅವನ ಎಚ್ಚರಿಕೆಯನ್ನು ನೆನೆಯಿತು. ಅಮರ್ತ್ಯ ಸೇನ್ ಮತ್ತು ಮಾರ್ತಾ ನುಸ್‌ಬಾಮ್ ಜನರು ಏನು ಮಾಡಬಲ್ಲರು, ಏನಾಗಬಲ್ಲರು ಎಂಬುದರಿಂದ ಅಭಿವೃದ್ಧಿಯನ್ನು ಅಳೆಯುವ ಚಿಂತನೆಗೆ ಅವನಲ್ಲಿ ಬೇರು ಕಂಡರು. ಇದನ್ನು ಅವನ ಮೇಲೆ ಹೇರಿದ್ದು ಎನ್ನಲಾಗದು. ಬಾಳು ಎಂದರೆ ಚಟುವಟಿಕೆ, ಅದಕ್ಕೆ ಅನ್ನ, ಆರೋಗ್ಯ, ಶಿಕ್ಷಣ, ಸಭೆಯಲ್ಲಿ ಜಾಗ ಬೇಕು, ಒದಗಿಸಬೇಕಾದ್ದು ನಗರ ಎಂಬ ಅವನ ಸರಪಳಿಯನ್ನು ಹಿಡಿದು ಹೋದರೆ ತಲುಪುವ ಜಾಗವೇ ಅದು. ‘ರಾಜಕೀಯಶಾಸ್ತ್ರ’ದ ಮೂರನೆಯ ಪುಸ್ತಕದಲ್ಲಿ, ಒಬ್ಬನ ಖರ್ಚಿನ ಔತಣಕ್ಕಿಂತ ಹಲವರು ಕೂಡಿ ತಂದ ಊಟ ಮಿಗಿಲಾಗಬಹುದಾದಂತೆ ಸಾಮಾನ್ಯರೆಲ್ಲ ಸೇರಿ ಮಾಡಿದ ತೀರ್ಮಾನ ಕೆಲವು ಶ್ರೇಷ್ಠರ ತೀರ್ಮಾನಕ್ಕಿಂತ ಮೇಲಾಗಬಹುದು ಎಂದೂ ಅವನು ವಾದಿಸಿದ್ದಾನೆ. ಊಟ ತರುವವರ ಸಾಲಿಗೆ ಬೇಯಿಸಿದವರನ್ನೂ ಸೇರಿಸಲು ಆ ವಾದಕ್ಕೆ ಯಾವ ತಡೆಯೂ ಇಲ್ಲ.

ಆದ್ದರಿಂದ ಗುಲಾಮಗಿರಿಯ ಪುಟಗಳನ್ನು ಹರಿದು ಉಳಿದದ್ದನ್ನು ಇಟ್ಟುಕೊಳ್ಳುವುದು ಓದುವ ಸರಿಯಾದ ಕ್ರಮವಲ್ಲ. ಒಳ್ಳೆಯ ಬಾಳಿನ ಎಂಥ ಉದಾತ್ತ ವರ್ಣನೆಯೂ ಯಾರ ಬಿಡುವನ್ನು ಕಿತ್ತುಕೊಂಡು ನಿಂತಿದೆ ಎಂಬುದನ್ನು ಆ ಪುಟಗಳೇ ಬಾಯಿಬಿಟ್ಟು ಹೇಳುತ್ತವೆ. ಹೇಳದೆ ಮುಚ್ಚಿಡುವ ಗ್ರಂಥಗಳು ಬೇಕಾದಷ್ಟಿವೆ. ನಮ್ಮಲ್ಲಿ ‘ಬಾಳಿ ಬದುಕಿದ ಮನೆ’ ಎಂಬ ಮಾತಿದೆ. ಗೌರವದ ಮಾತು ಅದು. ಆ ಮನೆಯಲ್ಲಿ ಬಾಳಿದವರು ಯಾರು, ಬರಿಯ ಬದುಕಿದವರು ಯಾರು ಎಂದು ಕೇಳಿದರೆ ಮಾತ್ರ ಅದರ ಅರ್ಥ ಪೂರ್ತಿಯಾಗುತ್ತದೆ.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ ಸುದ್ದಿ ಬಂದಾಗ ಅಥೆನ್ಸಿನಲ್ಲಿ ಮ್ಯಾಸಿಡೋನಿಯದ ಮೇಲಿನ ಸಿಟ್ಟು ಭುಗಿಲೆದ್ದಿತು. ಅಲೆಕ್ಸಾಂಡರನಿಗೆ ಹುಡುಗನಾಗಿದ್ದಾಗ ಪಾಠ ಹೇಳಿದ್ದ ಅರಿಸ್ಟಾಟಲ್ ಊರು ಬಿಡಬೇಕಾಯಿತು. ಮರುವರ್ಷ ಯುಬೀಯ ದ್ವೀಪದ ಕ್ಯಾಲ್ಕಿಸ್‌ನಲ್ಲಿ ತೀರಿಕೊಂಡ. ಡಯೋಜಿನಿಸ್ ಲಯೇರ್ಷಿಯಸ್ ಉಳಿಸಿಕೊಟ್ಟಿರುವ ಅವನ ಉಯಿಲಿನಲ್ಲಿ ಹೆಂಡತಿ, ಮಗಳು, ಮಗನ ಏರ್ಪಾಡುಗಳ ಜೊತೆಗೆ ಗುಲಾಮರ ವಿಷಯವೂ ಬರುತ್ತದೆ. ಕೆಲವರನ್ನು ಹೆಸರಿಸಿ ಬಿಡುಗಡೆಗೆ ಏರ್ಪಾಡು ಮಾಡಿದ್ದಾನೆ. ತನ್ನ ಸೇವೆ ಮಾಡಿದ ಹುಡುಗರಲ್ಲಿ ಯಾರನ್ನೂ ಮಾರಕೂಡದು, ವಯಸ್ಸಿಗೆ ಬಂದಾಗ ಯೋಗ್ಯತೆ ನೋಡಿ ಬಿಡುಗಡೆ ಮಾಡಬೇಕು ಎಂದು ಬರೆಸಿದ್ದಾನೆ. ಯೋಗ್ಯತೆ ಬೆಳೆಯುವಂಥದ್ದು ಎಂದು ಉಯಿಲು ಬರೆಸಿದವನಿಗೆ ಗೊತ್ತಿತ್ತು.